ಕಾರವಾರದಿಂದ ಭಟ್ಕಳದವರೆಗೆ: ಉಳಿದುಬಂದ ಕಡಲತೀರದ ಕಥೆ

ನಾಗಪುರದಲ್ಲಿ ನೆಲೆಸಿರುವ ನಮಗೆ ಕಡಲೆಂದರೆ ದೂರದ ಮಾತು. ಝೀರೋ ಮೈಲ್ ಕಂಬದ ಬಳಿ ನಿಂತು ಯಾವ ದಿಕ್ಕಿಗೆ ಹೊರಟರೂ ಉಪ್ಪುನೀರು ಕಾಣಲು ಒಂದು ರಾತ್ರಿಯ ರೈಲು ಪ್ರಯಾಣವಾದರೂ ಬೇಕು. ಫುಟಾಳಾ ಕೆರೆಯ ದಂಡೆಯನ್ನೇ ‘ಚೌಪಾಟಿ’ ಎಂದು ಕರೆದು ತೃಪ್ತಿಪಡುವ ಊರು ನಮ್ಮದು. ಆದ್ದರಿಂದ ರಜೆಯ ಮಾತು ಬಂದಾಗಲೆಲ್ಲ ಮನೆಯ ಮಕ್ಕಳು ಒಂದೇ ಹೆಸರು ಹೇಳುತ್ತಾರೆ, ಗೋವಾ. ಗೋವಾದ ದಕ್ಷಿಣದ ಗಡಿ ದಾಟಿದೊಡನೆ ನಮ್ಮದೇ ಭಾಷೆಯ, ಅಷ್ಟೇ ಸುಂದರವಾದ, ಅದಕ್ಕಿಂತ ಎಷ್ಟೋ ಶಾಂತವಾದ ಕಡಲತೀರವೊಂದು ಸುಮಾರು 140 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ ಎಂಬುದು ಅವರಿಗೆ ತಿಳಿಯದು. ತಿಳಿಸಬೇಕಾದವರು ನಾವು, ನಾವೂ ತಿಳಿಸಿಲ್ಲ.

ಹೀಗೆಂದುಕೊಂಡೇ ನಾವು ಕೆಲವು ಕುಟುಂಬಗಳು ಒಂದು ಚಳಿಗಾಲದಲ್ಲಿ ಹುಬ್ಬಳ್ಳಿಯ ಮಾರ್ಗವಾಗಿ ಯಲ್ಲಾಪುರ ದಾಟಿ, ಅರಬೈಲ್ ಘಟ್ಟವಿಳಿದು ಉತ್ತರ ಕನ್ನಡದ ಕರಾವಳಿಗೆ ಹೋಗಿಬಂದೆವು. ಕಾರವಾರ, ಅಂಕೋಲೆ, ಕುಮಟಾ, ಹೊನ್ನಾವರ, ಭಟ್ಕಳ ಇವು ಐದು ತಾಲೂಕುಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಇವು ನಾಲ್ಕು ದೊಡ್ಡ ನದಿಗಳು. ಘಟ್ಟದ ಕಾಡು ಕಡಲಿಗೆ ಇಷ್ಟು ಹತ್ತಿರ ಬಂದು ನಿಲ್ಲುವ ಸ್ಥಳಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ನೋಡುತ್ತ ಹೋದಂತೆ ನಮ್ಮಲ್ಲಿ ಒಂದು ಪ್ರಶ್ನೆ ಹುಟ್ಟಿತು. ಈ ತೀರ ಇಷ್ಟರಮಟ್ಟಿಗೆ ಕೆಡದೆ ಉಳಿದದ್ದು ಹೇಗೆ? ಯಾರೂ ಬಾರದ ಕಾರಣ ಉಳಿಯಿತೆ? ಇತಿಹಾಸವನ್ನು ತೆರೆದು ನೋಡಿದರೆ ಉತ್ತರ ಬೇರೆಯೇ ಇದೆ.

ಒಂದು ಕಾಲಕ್ಕೆ ಇದು ಲೋಕವೆಲ್ಲ ಬಂದು ಹೋಗುತ್ತಿದ್ದ ತೀರ. ಗೋಕರ್ಣವನ್ನು ಕಾಳಿದಾಸನೇ ರಘುವಂಶದಲ್ಲಿ ಸ್ಮರಿಸಿದ್ದಾನೆ. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ಅಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಆರೂವರೆ ಶತಮಾನಗಳಿಗೂ ಹಿಂದೆ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದ ಊರು ಅದು! ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳ ಮುಖ್ಯವಾದುದು. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿಯಲು ನೆರವಾದ ತಿಮ್ಮೋಜ ಹೊನ್ನಾವರದ ನಾವಿಕ ನಾಯಕ.

ಶರಾವತಿಯ ದಡದ ಗೇರುಸೊಪ್ಪೆಯ ಕಥೆಯಂತೂ ಇನ್ನೂ ಹಿರಿದು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಐದು ದಶಕಗಳ ಕಾಲ ಇಲ್ಲಿ ರಾಜ್ಯವಾಳಿದವಳು ಜೈನ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಮೆಣಸು ಬೇಕಾಗಿದ್ದ ಅವರು ಅವಳೊಡನೆ ಹೋರಾಡಿದರು, ಅವಳೊಡನೆಯೇ ವ್ಯಾಪಾರವನ್ನೂ ಮಾಡಿದರು. ಮಿರ್ಜಾನಿನ ಕೆಂಪುಕಲ್ಲಿನ ಕೋಟೆಯನ್ನು ಕಟ್ಟಿಸಿದವಳು ಅವಳೇ ಎಂದು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಮಳೆಗಾಲ ಮುಗಿದ ಹೊಸದರಲ್ಲಿ ಆ ಕೋಟೆಯ ಗೋಡೆಗಳು ಪಾಚಿಯಿಂದ ಹಸಿರಾಗಿರುವುದನ್ನು ನೋಡಿಯೇ ತಿಳಿಯಬೇಕು. ಕೊನೆಗೆ ಇಕ್ಕೇರಿಯ ವೆಂಕಟಪ್ಪ ನಾಯಕನು ಆ ರಾಜ್ಯವನ್ನು ಗೆದ್ದುಕೊಂಡನು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ನದಿಯ ಮೇಲೆ ಸಾಗಿ ಗೇರುಸೊಪ್ಪೆಗೆ ಬಂದನು. ಆತ ನದಿಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ, ಆದರೆ ಕಂಡ ನಗರ ಆಗಲೇ ಪಾಳುಬಿದ್ದಿತ್ತು. ಇಂದು ಅಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿಯೊಂದು ನಿಂತಿದೆ. ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿದ ಮೂರ್ತಿಗಳು, ಸುತ್ತ ಹಕ್ಕಿಗಳ ದನಿ. ಮಕ್ಕಳೂ ಅಲ್ಲಿ ತಾವಾಗಿಯೇ ಮೆಲುದನಿಯಲ್ಲಿ ಮಾತನಾಡತೊಡಗಿದರು.

ಎರಡನೆಯ ಸಲ ಈ ತೀರಕ್ಕೆ ಭಾಗ್ಯ ಬಂದಂತೆ ತೋರಿದ್ದು ಹತ್ತಿಯಿಂದ. ನಾಗಪುರದವರಾದ ನಾವು ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲೆವು. ಅಂದಿನ ಇಂಗ್ಲೆಂಡಿನ ಪೇಟೆಯಲ್ಲಿ ಹಿಂದೂಸ್ಥಾನದ ಹತ್ತಿಗೆ ಊರಿನ ಹೆಸರೇ ಗುರುತು. ನಮ್ಮ ನೆರೆಯ ‘ಹಿಂಗಣಘಾಟ’ ಹೇಗೋ ಹಾಗೆಯೇ ‘ಕುಮಟಾ’ ಕೂಡ ಒಂದು ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಎತ್ತು ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ರೇವಿನಿಂದ ಮುಂಬಯಿಗೆ ಹೋಗುತ್ತಿತ್ತು, ಅದರಿಂದ ಆ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಮಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಅದುವರೆಗೆ ಮದ್ರಾಸ್ ಸರಕಾರದ ಕೆಳಗಿದ್ದ ಈ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಇದ್ದುದೂ ಹತ್ತಿಯ ಲೆಕ್ಕಾಚಾರವೇ. ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು, ದೊಡ್ಡ ಬಂದರಾಗುವ ಕನಸೂ ಹುಟ್ಟಿತು.

ಆ ಕನಸನ್ನು ಕೆಡಿಸಿದ್ದು ರೈಲು. 1867ರಲ್ಲಿ ನಾಗಪುರಕ್ಕೆ ರೈಲು ಬಂದಿತು, ಹತ್ತು ವರ್ಷಗಳಲ್ಲಿ, ಎಂದರೆ 1877ರ ಜನವರಿ 1ರಂದು, ಜಮಶೇಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ಆರಂಭವಾಯಿತು, ನಮ್ಮ ಊರು ಬೆಳೆಯಿತು. ಆದರೆ ಕಾರವಾರ ಕೇಳಿದ ರೈಲು ಕಾರವಾರಕ್ಕೆ ಬರಲಿಲ್ಲ. 1880ರ ದಶಕದ ಕೊನೆಗೆ ಧಾರವಾಡ ಸೀಮೆಯ ರೈಲುದಾರಿ ಗೋವೆಯ ಮಾರ್ಮಗೋವಾ ಬಂದರನ್ನು ಕೂಡಿಕೊಂಡಾಗ ಘಟ್ಟವಿಳಿಯುವ ಹತ್ತಿಯ ಗಾಡಿಗಳು ನಿಂತುಹೋದವು. ಕುಮಟೆಯ ರೇವು ಬಡವಾಯಿತು. ಈ ಕರಾವಳಿಯ ಉದ್ದಕ್ಕೂ ರೈಲು ಓಡಬೇಕಾದರೆ ಮತ್ತೆ ನೂರು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಯಾರೋ ಪುಣ್ಯಾತ್ಮರು ಕಾಪಾಡಿದ್ದರಿಂದ ಈ ತೀರ ಉಳಿದದ್ದಲ್ಲ, ವ್ಯಾಪಾರ ಬಿಟ್ಟುಹೋದದ್ದರಿಂದ ಉಳಿಯಿತು. ಅದಕ್ಕೆ ಬೆಲೆ ತೆತ್ತವರು ಅಲ್ಲಿಯ ಜನ. ಊರಿನಲ್ಲಿ ಉದ್ಯೋಗವಿಲ್ಲದೆ ತಲೆಮಾರುಗಳ ಕಾಲ ತರುಣರು ಮುಂಬಯಿಯ ದಾರಿ ಹಿಡಿದರು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಕತೆಗಾರ ಯಶವಂತ ಚಿತ್ತಾಲರು ಕೊನೆಯವರೆಗೂ ಹನೇಹಳ್ಳಿಯನ್ನು ಬರೆಯುತ್ತಲೇ ಇದ್ದರು. ಹೊರನಾಡಿನಲ್ಲಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತೀರಕ್ಕೂ ನಾಗಪುರಕ್ಕೂ ಇರುವ ಮತ್ತೊಂದು ನಂಟನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. 1920ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಈ ಊರಿನಲ್ಲಿ. ಕರ್ನಾಟಕದಿಂದ ಸುಮಾರು 800 ಪ್ರತಿನಿಧಿಗಳು ಬಂದಿದ್ದರು. ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ರಚಿಸುವ ನಿರ್ಧಾರ ಇಲ್ಲಿಯೇ ಆಯಿತು, ಮುಂಬಯಿ ಪ್ರಾಂತದ ಒಳಗಿದ್ದ ಕಾರವಾರ ಜಿಲ್ಲೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಕರ್ನಾಟಕವಾಯಿತು. ಹತ್ತು ವರ್ಷಗಳ ಮೇಲೆ, 1930ರ ಏಪ್ರಿಲ್ 13ರಂದು, ಅಂಕೋಲೆಯ ಜನ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಡಲದಂಡೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಅಂಕೋಲೆಯ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡರು, ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಗಳಿಸಿದರು. ಕೊನೆಗೆ 1956ರ ನವೆಂಬರ್ 1ರಂದು ಉತ್ತರ ಕನ್ನಡವು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ನಾಗಪುರವು ಮಧ್ಯಪ್ರದೇಶದ ರಾಜಧಾನಿಯೆಂಬ ಪಟ್ಟವನ್ನು ಕಳೆದುಕೊಂಡು ಮುಂಬಯಿ ರಾಜ್ಯದೊಳಕ್ಕೆ ಬಂದಿತು. ಒಂದೇ ಬಾಗಿಲಲ್ಲಿ ಅವರು ಹೊರಟರು, ನಾವು ಒಳಬಂದೆವು!

ಈಗ ಅಲ್ಲಿ ಕಾಣಲು ಏನಿದೆ ಎಂದು ಕೇಳುವವರಿಗೆ ನಾಲ್ಕು ಮಾತು. ಕಾರವಾರದಲ್ಲಿ ಕಡಲದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ಕವಿ ಬಂದು ಉಳಿದಿದ್ದರು, ಒಂದು ನಾಟಕವನ್ನೂ ಅಲ್ಲಿಯೇ ಬರೆದರು. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನವಿದೆ, ಗುಡ್ಡ ಹತ್ತಿಳಿದರೆ ಒಂದರ ಮಗ್ಗುಲಲ್ಲಿ ಒಂದು ಕೊಲ್ಲಿಗಳಿವೆ. ಆದರೆ ಅಲ್ಲಿ ಈಗ ಜನಸಂದಣಿ ಬಹಳ.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅಘನಾಶಿನಿಯ ಅಳಿವೆ. ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ ಎಂಬ ಅಣೆಕಟ್ಟುಗಳಿವೆ, ಅಘನಾಶಿನಿಗೆ ಅಂಥ ಕಟ್ಟೆಯಿಲ್ಲ, ಅದು ಘಟ್ಟದಿಂದ ಕಡಲಿನವರೆಗೆ ತನ್ನಷ್ಟಕ್ಕೆ ತಾನು ಹರಿಯುತ್ತದೆ. ಅಳಿವೆಯಲ್ಲಿ ಉಬ್ಬರವಿಳಿತಕ್ಕೆ ತಕ್ಕಂತೆ ಉಪ್ಪುನೀರು ನುಗ್ಗುವ ಗಜನಿ ಭೂಮಿಯಿದೆ. ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ‘ಕಗ್ಗ’ ಎಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ, ಕೊಯ್ಲಿನ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ನೀರಿಳಿದಾಗ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಬಳಚು ಆರಿಸುತ್ತಾರೆ. ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ, ದಡದುದ್ದಕ್ಕೂ ಕಾಂಡ್ಲ ಗಿಡಗಳು. 2024ರಲ್ಲಿ 4,801 ಹೆಕ್ಟೇರಿನ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆನಿಸಿತು. 2000ರ ದಶಕದಲ್ಲಿ ಇದೇ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆಯಿತ್ತು. ಜನರ ವಿರೋಧದಿಂದ ಅದು ಬರಲಿಲ್ಲ. ಕೊರಾಡಿಯ ಚಿಮಣಿಗಳನ್ನೂ ಬೂದಿಯನ್ನೂ ದಿನವೂ ಬಲ್ಲ ನಮಗೆ, ಆ ಅಳಿವೆಯ ದೋಣಿಯಲ್ಲಿ ಕುಳಿತಾಗ, ಬಾರದೆ ಹೋದದ್ದರ ಬೆಲೆ ತಿಳಿಯಿತು.

ಹೊರದೇಶದ ಒಂದು ಉದಾಹರಣೆ. ಸ್ಪೇನ್ ದೇಶದ ಪೂರ್ವ ಕರಾವಳಿಯಲ್ಲಿ ಬೆನಿದೋರ್ಮ್ ಎಂಬ ಬೆಸ್ತರ ಹಳ್ಳಿಯಿತ್ತು. 1950ರ ದಶಕದಿಂದೀಚೆಗೆ ಪ್ರವಾಸಿಗರು ಬರತೊಡಗಿ ಈಗ ಅದು ಗಗನಚುಂಬಿ ಹೋಟೆಲುಗಳ ಕಾಡಾಗಿದೆ. ಅದೇ ದೇಶದ ಆಗ್ನೇಯ ಮೂಲೆಯ ಕಾಬೋ ದೆ ಗಾತಾ ತೀರ ಮಾತ್ರ ಒಣನೆಲವೆಂದು, ಬಡವರ ನಾಡೆಂದು ಹಿಂದುಳಿದು ಹಾಗೆಯೇ ಉಳಿಯಿತು. 1987ರಲ್ಲಿ ಅದನ್ನು ನಿಸರ್ಗಧಾಮವೆಂದು ಘೋಷಿಸಿದರು. ಆದರೂ ಆ ಧಾಮದೊಳಗೇ ಅಲ್ಗರ‍್ರೋಬಿಕೋ ಎಂಬಲ್ಲಿ ನೀರಿನಂಚಿಗೆ ದೈತ್ಯಾಕಾರದ ಹೋಟೆಲೊಂದು ಎದ್ದಿತು. 2006ರಲ್ಲಿ ನ್ಯಾಯಾಲಯ ಕೆಲಸ ನಿಲ್ಲಿಸಿದ ಮೇಲೂ ಆ ಖಾಲಿ ಕಟ್ಟಡ ವರ್ಷಾನುಗಟ್ಟಲೆ ನಿಂತೇ ಇತ್ತು. ಅಲಕ್ಷ್ಯದಿಂದ ಉಳಿದದ್ದು ಲಕ್ಷ್ಯ ಬಿದ್ದೊಡನೆ ಅಪಾಯಕ್ಕೆ ಸಿಲುಕುತ್ತದೆ ಎಂಬುದು ಅಲ್ಲಿಯ ಪಾಠ, ಇಲ್ಲಿಯದೂ ಹೌದು.

ನಮ್ಮ ಕರಾವಳಿಯ ಮೇಲೆ ಈಗ ಲಕ್ಷ್ಯ ಬಿದ್ದಿದೆ. 1986ರಲ್ಲಿ ಅಡಿಗಲ್ಲು ಬಿದ್ದ ನೌಕಾನೆಲೆ ದೇಶಕ್ಕೆ ಬೇಕಾದದ್ದೇ, ಅದಕ್ಕಾಗಿ ಕಾರವಾರ ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟವು. 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಮಳೆಗೆ ಜರಿದು ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಹೊನ್ನಾವರದ ಕಾಸರಕೋಡಿನ ಕಡಲದಂಡೆಗೆ 2020ರಲ್ಲಿ ಶುಚಿತ್ವದ ‘ನೀಲಿ ಧ್ವಜ’ ದೊರೆಯಿತು, ಅದೇ ಕಾಸರಕೋಡಿನ ಟೊಂಕದಲ್ಲಿ, ಕಡಲಾಮೆಗಳು ಮೊಟ್ಟೆಯಿಡುವ ಮರಳಿನ ಮೇಲೆ, ಬಂದರು ಬೇಡವೆಂದು ಮೀನುಗಾರರು ಹೋರಾಡಿದ್ದಾರೆ.

ಹಾಗೆಂದು ಅಲ್ಲಿಯವರು ಬಡವರಾಗಿಯೇ ಇರಲಿ, ನಮಗೆ ನೋಡಲು ಚೆಂದವಿರಲಿ ಎಂದು ಬಯಸುವುದು ಅನ್ಯಾಯ. ಅದನ್ನು ನಮಗೆ ತಿಳಿಯಹೇಳಿದ್ದು ಅಘನಾಶಿನಿಯಲ್ಲಿ ನಮ್ಮನ್ನು ದಾಟಿಸಿದ ದೋಣಿಯವನು. “ನೀವು ನೋಡಿ ಹೋಗ್ತೀರಿ, ನಾವು ಇಲ್ಲೇ ಇರಬೇಕಲ್ಲ” ಎಂದನು. ಮಗನಿಗೆ ಊರಿನಲ್ಲಿಯೇ ಕೆಲಸ ಸಿಕ್ಕರೆ ಸಾಕು, ಆದರೆ ಹೊಳೆ ಕೆಟ್ಟರೆ ತನಗೂ ಕೆಲಸವಿಲ್ಲ ಎಂಬುದು ಅವನ ಮಾತು. ಆ ಎರಡೂ ನಿಜ. ಹೊಳೆಯೂ ಉಳಿಯಬೇಕು, ಅವನ ಮಗನೂ ಊರಿನಲ್ಲಿ ಉಳಿಯಬೇಕು. ಇವೆರಡನ್ನೂ ಸಾಧಿಸುವ ದಾರಿಯನ್ನು ಆ ಜನರನ್ನು ಕೇಳಿಯೇ ಹುಡುಕಬೇಕಲ್ಲದೆ ದೂರದ ಕಚೇರಿಗಳಲ್ಲಿ ಕುಳಿತು ಅಲ್ಲ. ಮಾಂಚೆಸ್ಟರಿನ ಲೆಕ್ಕಾಚಾರ ಒಮ್ಮೆ ಈ ಜಿಲ್ಲೆಯ ಹಣೆಬರಹ ಬರೆದದ್ದು ಸಾಕು.

ನಮ್ಮಂಥ ಪ್ರವಾಸಿಗಳಿಂದ ಆಗುವುದು ಸ್ವಲ್ಪವೇ, ಆದರೆ ಆ ಸ್ವಲ್ಪವನ್ನು ಮಾಡಬಹುದು. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಊರಿನವರ ಮನೆಗಳಲ್ಲಿ ಉಳಿದು, ಅವರ ಕುಚಲಕ್ಕಿ ಅನ್ನ ಉಣ್ಣಿರಿ, ಅವರ ದೋಣಿಯಲ್ಲಿಯೇ ಹೊಳೆ ದಾಟಿರಿ, ಒಯ್ದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತನ್ನಿರಿ. ಹೋಗುವ ಮುನ್ನ ಮೆಣಸಿನ ರಾಣಿಯ ಕಥೆಯನ್ನೂ ಅಂಕೋಲೆಯ ಉಪ್ಪಿನ ಕಥೆಯನ್ನೂ ಮನೆಯಲ್ಲಿ ಕನ್ನಡದಲ್ಲಿ ಹೇಳಿರಿ. ಅಲ್ಲಿಂದ ಬಂದ ಮೇಲೆ ನಮ್ಮ ಮಕ್ಕಳಲ್ಲೊಬ್ಬಳು ಶಾಲೆಯ ನಕಾಶೆಯಲ್ಲಿ ಅಘನಾಶಿನಿಯನ್ನು ಹುಡುಕಿದಳಂತೆ. ಸಿಗಲಿಲ್ಲವೆಂದು ತಾನೇ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಹೆಸರು ಬರೆದಿದ್ದಾಳೆ.