ತಪ್ಪು ಒಪ್ಪಿಕೊಂಡ ತಂತ್ರಜ್ಞ

ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋದವರು ಮಂಡಕ್ಕಿ–ಮಿರ್ಚಿ ಅಂಗಡಿಯ ಹುಡುಗನನ್ನು ಗಮನಿಸಿರಬಹುದು. ಹುಡುಗ ಒಬ್ಬನೇ, ಗಿರಾಕಿಗಳು ಹಲವರು. ಒಬ್ಬರ ಮಿರ್ಚಿ ಬೇಯುವವರೆಗೂ ಅವನು ಬಾಣಲೆಯ ಮುಂದೆಯೇ ನಿಂತರೆ ಉಳಿದವರ ಗತಿಯೇನು? ಅದಕ್ಕೇ ಅವನು ಒಳಗೆ ಕೂಗಿ ಹೇಳಿ ಮುಂದಿನವರತ್ತ ಹೋಗುತ್ತಾನೆ, ಸಿದ್ಧವಾದೊಡನೆ ತಂದುಕೊಡುತ್ತಾನೆ.

ಅಂತರಜಾಲದ ಕೋರಿಕೆಗಳಿಗೆ ಉತ್ತರಿಸುವ 'ಸರ್ವರ್' ಗಣಕವೂ ಹೀಗೆಯೇ ದುಡಿಯಬೇಕೆಂದು ಅಮೆರಿಕದ ರಯಾನ್ ಡಾಲ್ 2009ರ ನವೆಂಬರ್‌ನಲ್ಲಿ ಬರ್ಲಿನ್‌ನ 'ಜೆಎಸ್‌ಕಾನ್ಫ್' ಸಮ್ಮೇಳನದಲ್ಲಿ ಹೇಳಿದರು. 1995ರಲ್ಲಿ ಬ್ರೆಂಡನ್ ಐಕ್ ಬ್ರೌಸರ್‌ಗೆಂದು ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ನಲ್ಲಿ ಓಡಿಸುವ ಅವರ 'ನೋಡ್' ತಂತ್ರಾಂಶ ಬೇಗನೆ ಜಗತ್ತಿಗೆ ಹಬ್ಬಿತು. ಬೆಂಗಳೂರಿನಲ್ಲಿಯೂ 2011ರಲ್ಲಿ ಈ ಭಾಷೆಯವರ 'ಜೆಎಸ್‌ಫೂ' ಸಮ್ಮೇಳನ ಆರಂಭವಾಯಿತು.

ಆದರೆ ಹೆಚ್ಚು ನೆನಪಿಡಬೇಕಾದದ್ದು 2018ರ ಭಾಷಣ. ಬರ್ಲಿನ್‌ನ ಅದೇ ಸಮ್ಮೇಳನದಲ್ಲಿ ಡಾಲ್, ನೋಡ್ ರಚಿಸುವಾಗ ತಾವು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಎಣಿಸಿದರು. ಅವುಗಳಲ್ಲಿ ಭದ್ರತೆಯೂ ಒಂದು. ಯಾರೋ ಬರೆದ ತುಣುಕನ್ನು ತಂದು ಸೇರಿಸಿದರೂ ಗಣಕದ ಕಡತಗಳೆಲ್ಲ ಅದರ ಕೈಗೆ ಸಿಗುವಂತಿತ್ತು. ಅನುಮತಿಯಿಲ್ಲದೆ ಕಡತ ಮುಟ್ಟದ 'ಡೆನೊ' ಎಂಬ ಹೊಸ ತಂತ್ರಾಂಶವನ್ನು ಅವರು ಅಂದೇ ಮುಂದಿಟ್ಟರು.

ಅಷ್ಟರಲ್ಲಿ ನೋಡ್ ಎಲ್ಲೆಡೆ ಬೇರೂರಿತ್ತು, ಕಿತ್ತುಹಾಕುವುದು ಸುಲಭವಿರಲಿಲ್ಲ. 2023ರಲ್ಲಿ ನೋಡ್‌ನ 20ನೇ ಆವೃತ್ತಿಯೂ ಪ್ರಾಯೋಗಿಕವಾಗಿ ಅನುಮತಿಯ ವ್ಯವಸ್ಥೆ ತಂದಿತು.

ಮೊಬೈಲ್ ಹಿಡಿದ ಹಳ್ಳಿಯವರ ಹೆಸರು, ಹಣದ ಲೆಕ್ಕವೂ ಇಂದು ಸರ್ವರ್‌ಗಳಲ್ಲಿದೆ. ಅವನ್ನು ಕಟ್ಟುವವರು ಸಾಧನೆಯ ಜೊತೆಗೆ ತಪ್ಪನ್ನೂ ಸಭೆಯಲ್ಲಿ ಹೇಳಿಕೊಂಡರೆ, ಅದರ ಲಾಭ ಆ ಸಭೆಗೆ ಹೋಗದ ನಮಗೂ ಉಂಟು.