ಮಾಯಾ ಹಸ್ತಪ್ರತಿಗಳು: ನಾಶ ಮತ್ತು ಉಳಿವು

ಅಮೆರಿಕ ಖಂಡದ ಪ್ರಾಚೀನ ಜನಾಂಗಗಳಲ್ಲಿ ಮಾಯಾ ಜನರು ತಮ್ಮ ನುಡಿಯನ್ನು ಪೂರ್ಣವಾಗಿ ಬರೆದಿಡಬಲ್ಲ ಲಿಪಿಯನ್ನು ರೂಢಿಸಿಕೊಂಡಿದ್ದರು. ಮೆಕ್ಸಿಕೋದ ಯುಕಾತಾನ್ ಸೀಮೆಯಿಂದ ಹೊಂಡುರಾಸಿನವರೆಗೆ ಅವರ ಶಿಲಾಶಾಸನಗಳು ಹೇರಳವಾಗಿ ದೊರೆತಿವೆ. ಗ್ರಂಥಗಳಾದರೋ ನಾಲ್ಕೇ ಉಳಿದಿವೆ. ಅವುಗಳಲ್ಲಿ ಮೂರು ಡ್ರೆಸ್ಡೆನ್, ಪ್ಯಾರಿಸ್ ಮತ್ತು ಮ್ಯಾಡ್ರಿಡ್ ನಗರಗಳಲ್ಲಿವೆ. ಮೆಕ್ಸಿಕೋದಲ್ಲಿರುವ ನಾಲ್ಕನೆಯದು ಬಹುಕಾಲ ಸಂದೇಹಕ್ಕೆ ಗುರಿಯಾಗಿದ್ದು, 2018ರಲ್ಲಿ ಅಲ್ಲಿಯ ರಾಷ್ಟ್ರೀಯ ಸಂಸ್ಥೆಯಿಂದ ಪ್ರಾಚೀನವೆಂದು ಸ್ವೀಕೃತವಾಯಿತು.

ಅತ್ತಿ, ಆಲಗಳ ವರ್ಗಕ್ಕೆ ಸೇರಿದ ಮರದ ಒಳತೊಗಟೆಯನ್ನು ಬಡಿದು ಹಾಳೆ ಮಾಡಿ, ಅದರ ಮೇಲೆ ತೆಳುವಾದ ಬಿಳಿಯ ಲೇಪವನ್ನು ಕೊಟ್ಟು ಕುಂಚದಿಂದ ಬರೆಯುತ್ತಿದ್ದರು. ಉದ್ದನೆಯ ಪಟ್ಟಿಯನ್ನು ಹಿಂದುಮುಂದಾಗಿ ಮಡಿಸುವ ಕ್ರಮ ನಮ್ಮ ಕಡತವನ್ನು ನೆನಪಿಗೆ ತರುತ್ತದೆ. ಹೋಲಿಕೆ ಆಕಾರದಲ್ಲಿ ಮಾತ್ರ, ಚಾರಿತ್ರಿಕ ಸಂಬಂಧವೇನೂ ಇಲ್ಲ. 39 ಪತ್ರಗಳ ಡ್ರೆಸ್ಡೆನ್ ಪ್ರತಿಯಲ್ಲಿ ಶುಕ್ರಗ್ರಹದ ಗಣಿತವಿದೆ. ಶುಕ್ರನ ಒಂದು ಆವರ್ತನಕ್ಕೆ 584 ದಿನಗಳು. ಅಂಥ ಐದು ಆವರ್ತನಗಳು 365 ದಿನಗಳ ಎಂಟು ವರ್ಷಗಳಿಗೆ ಸಮ. ಅಕ್ಷರಗಳು ಇನ್ನೂ ಮೌನವಾಗಿದ್ದ ಕಾಲದಲ್ಲಿಯೇ, ಅದೇ ನಗರದ ಗ್ರಂಥಪಾಲಕ ಅರ್ನ್ಸ್ಟ್ ಫೋರ್ಸ್ಟೆಮಾನ್ 1880ರ ಬಳಿಕ ಈ ಅಂಕಗಳ ಮರ್ಮವನ್ನು ಬಿಡಿಸಿದರು.

ಉಳಿದ ಗ್ರಂಥಗಳೇನಾದವು? ತೇವಕ್ಕೂ ಕಾಲಕ್ಕೂ ಬಲಿಯಾದವು ಎಷ್ಟೋ, ಸುಡಲ್ಪಟ್ಟವು ಕೆಲವು. 1562ರ ಜುಲೈ ತಿಂಗಳಲ್ಲಿ ಯುಕಾತಾನಿನ ಮನಿ ಎಂಬ ಊರಿನಲ್ಲಿ ಸ್ಪೇನಿನ ಪಾದ್ರಿ ದಿಯೇಗೋ ದೆ ಲಾಂಡಾ ಎಂಬವನು, ಇವೆಲ್ಲ ಮೂಢನಂಬಿಕೆಯ ಬರಹಗಳೆಂದು ಬಗೆದು, ಕೈಗೆ ಸಿಕ್ಕಿದ ಗ್ರಂಥಗಳನ್ನು ಬೆಂಕಿಗೆ ಹಾಕಿಸಿದನು. ಅದರಿಂದ ಆ ಜನರು ಬಹಳ ದುಃಖಪಟ್ಟರೆಂದು ಬರೆದವನೂ ಅವನೇ.

ಆ ಬರಹವು ಅವನು ಸುಮಾರು 1566ರಲ್ಲಿ ರಚಿಸಿದ ಯುಕಾತಾನಿನ ವೃತ್ತಾಂತ. ಅದರ ಮೂಲಪ್ರತಿ ಲುಪ್ತವಾಗಿದೆ. ಸಂಕ್ಷೇಪಿಸಿದ ಒಂದು ನಕಲನ್ನು ಬ್ರಾಸ್ಯೂರ್ ದ ಬೂರ್ಬೂರ್ ಮ್ಯಾಡ್ರಿಡ್‌ನಲ್ಲಿ ಕಂಡು 1864ರಲ್ಲಿ ಅಚ್ಚು ಹಾಕಿಸಿದರು. ಅದರೊಳಗೆ ಮಾಯಾ ಅಕ್ಷರಮಾಲೆ ಎಂಬುದೊಂದಿತ್ತು. ಲಾಂಡಾ ಸ್ಪ್ಯಾನಿಷ್ ಅಕ್ಷರಗಳ ಹೆಸರನ್ನು ಒಂದೊಂದಾಗಿ ಉಚ್ಚರಿಸಿ ಕೇಳಿದ್ದನು. ಸ್ಥಳೀಯ ಬಲ್ಲವನು ಕಿವಿಗೆ ಬಿದ್ದ ಧ್ವನಿಗೆ ತಕ್ಕ ಚಿಹ್ನೆಯನ್ನು ಬರೆದಿದ್ದನು. ಒಂದು ವಾಕ್ಯವನ್ನು ಬರೆಯಿಸಿದಾಗ ದೊರೆತದ್ದು ‘ಮಾ ಇನ್ ಕಾತಿ’, ಎಂದರೆ ‘ನನಗೆ ಬೇಡ’. ಪ್ರಶ್ನೆಯೇ ತಪ್ಪಾಗಿದ್ದುದರಿಂದ ವಿದ್ವಾಂಸರು ಈ ಪಟ್ಟಿಯನ್ನು ನಿರುಪಯುಕ್ತವೆಂದು ದೀರ್ಘಕಾಲ ಬದಿಗಿಟ್ಟರು.

1952ರಲ್ಲಿ ಲೆನಿನ್‌ಗ್ರಾಡಿನ ಯೂರಿ ಕ್ನೋರೊಜೋವ್ ಇವು ವರ್ಣಗಳಲ್ಲ, ಸ್ವರಸಹಿತವಾದ ವ್ಯಂಜನಗಳ ಚಿಹ್ನೆಗಳು ಎಂದು ವಾದಿಸಿದರು. ಹಸ್ತಪ್ರತಿಯಲ್ಲಿ ಟರ್ಕಿ ಕೋಳಿಯ ಚಿತ್ರದೊಡನೆ ಇರುವ ಪದದ ಮೊದಲ ಚಿಹ್ನೆ ಲಾಂಡಾನ ‘ಕು’. ಆ ಕೋಳಿಗೆ ಮಾಯಾ ನುಡಿಯಲ್ಲಿ ‘ಕುತ್ಸ್’ ಎಂದು ಹೆಸರು; ಆದ್ದರಿಂದ ಎರಡನೆಯದು ‘ತ್ಸು’. ನಾಯಿಯ ಚಿತ್ರದೊಡನೆ ಇರುವ ಪದ ಅದೇ ಚಿಹ್ನೆಯಿಂದ ತೊಡಗಿ ಲಾಂಡಾನ ‘ಲ’ಕಾರದಿಂದ ಮುಗಿಯುತ್ತದೆ, ನಾಯಿಗೆ ‘ತ್ಸುಲ್’ ಎಂದೇ ಹೆಸರು. ಎರಿಕ್ ಥಾಮ್ಸನ್ ಮುಂತಾದವರು ಪ್ರಬಲವಾಗಿ ವಿರೋಧಿಸಿದರೂ, ಇಂದಿನ ಮಾಯಾ ಲಿಪಿಯ ವಾಚನವೆಲ್ಲ ಈ ತಳಹದಿಯ ಮೇಲೆಯೇ ನಿಂತಿದೆ.

ಗ್ರಂಥಗಳನ್ನು ಸುಡಿಸಿದವನ ಬರಹವೇ ಉಳಿದ ಗ್ರಂಥಗಳಿಗೆ ಕೀಲಿಕೈಯಾಯಿತು. ಆದರೆ ಕೀರ್ತಿ ಸಲ್ಲಬೇಕಾದುದು ತಪ್ಪು ಪ್ರಶ್ನೆಗೂ ತನ್ನ ಲಿಪಿಯ ಧರ್ಮವನ್ನು ಬಿಡದೆ ಉತ್ತರಿಸಿದ ಆ ಲಿಪಿಜ್ಞನಿಗೆ. ಅಪೂರ್ಣವೆಂದೋ ಅಶುದ್ಧವೆಂದೋ ನಕಲೊಂದನ್ನು ತಳ್ಳಿಹಾಕುವ ಮುನ್ನ ಈ ವೃತ್ತಾಂತವು ಸ್ಮರಣೀಯವಾಗಿದೆ.