ಯಂತ್ರಲೋಕದ ಒಡೆಯನೂ ಗುಲಾಮನೂ

ನಕ್ಷತ್ರಗಳ ಗತಿಯನ್ನು ಕರಾರುವಾಕ್ಕಾಗಿ ಅಳೆಯಬೇಕೆಂಬ ಹಂಬಲದಿಂದ ಕೇಪ್ ಟೌನಿನ ವೀಕ್ಷಣಾಲಯದ ಸರ್ ಡೇವಿಡ್ ಗಿಲ್ ಎಂಬ ಖಗೋಳಜ್ಞನು ಎರಡು ಅಂಗಗಳುಳ್ಳ ಗಡಿಯಾರವೊಂದನ್ನು ರಚಿಸಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಏಕರೂಪದ ಶಾಖದಲ್ಲಿ ತೂಗುವ ಲೋಲಕಕ್ಕೆ ಅಧೀನವಾಗಿ ಹಲ್ಲುಚಕ್ರಗಳ ಶ್ರಮವನ್ನೆಲ್ಲ ಹೊರುವ ಎರಡನೆಯ ಯಂತ್ರವನ್ನು 1904ರಲ್ಲಿ ‘ಸ್ಲೇವ್’, ಎಂದರೆ ಗುಲಾಮ, ಎಂದು ಕರೆದನು. ಅದೇ ಕೇಪ್ ಪ್ರಾಂತದಲ್ಲಿ ಗುಲಾಮಗಿರಿಯು ಶಾಸನದಿಂದ ರದ್ದಾದುದು 1834ರಲ್ಲಿ. ಮನುಷ್ಯರಿಗೆ ಸಲ್ಲದ ಹೆಸರು ಎಪ್ಪತ್ತು ವರ್ಷಗಳ ತರುವಾಯ ಯಂತ್ರಕ್ಕೆ ನಿಸ್ಸಂಕೋಚವಾಗಿ ಅಂಟಿಕೊಂಡಿತು. ಈ ರೂಪಕದ ಮೂಲವನ್ನರಸಿದ ರಾನ್ ಎಗ್ಲಾಶ್ ಎಂಬ ವಿದ್ವಾಂಸರು ತಮ್ಮ 2007ರ ಪ್ರಬಂಧದಲ್ಲಿ ಗಿಲ್‌ನ ಗಡಿಯಾರದವರೆಗೆ ಹಿಂದಕ್ಕೆ ಹೋಗುತ್ತಾರೆ.

ಗಡಿಯಾರದಿಂದ ಹೊರಟ ಈ ರೂಪಕವು ‘ಮಾಸ್ಟರ್’, ಎಂದರೆ ಒಡೆಯ, ಮತ್ತು ‘ಸ್ಲೇವ್’ ಎಂಬ ಜೋಡಿನಾಮವಾಗಿ ಕಂಪ್ಯೂಟರಿಗೆ ದಾಟಿ, ಹೊಸ ಮಾಹಿತಿಯನ್ನು ಬರೆದುಕೊಳ್ಳುವ ಡೇಟಾಬೇಸು ‘ಮಾಸ್ಟರ್’ ಎಂದೂ ಅದನ್ನು ನಕಲು ಮಾಡಿಕೊಳ್ಳುವವು ‘ಸ್ಲೇವ್’ ಎಂದೂ ರೂಢಿಯಾಯಿತು. 2003ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತವು ಇಂಥ ಹೆಸರುಗಳನ್ನು ಬಿಡುವಂತೆ ತನ್ನ ಸರಬರಾಜುದಾರರನ್ನು ಕೇಳಿಕೊಂಡಾಗ ನಕ್ಕವರೇ ಹೆಚ್ಚು. ಆದರೂ ಮುಕ್ತ ತಂತ್ರಾಂಶದ ಲೋಕದಲ್ಲಿ 2014ರಲ್ಲಿ ಜಾಂಗೋ, 2018ರಲ್ಲಿ ಪೈಥಾನ್ ಮತ್ತು ರೆಡಿಸ್ ಎಂಬ ಡೇಟಾಬೇಸು ಈ ಮಾತನ್ನು ಕೈಬಿಡತೊಡಗಿದವು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯನ ಹತ್ಯೆ ಪೊಲೀಸನಿಂದಾದ ಬಳಿಕ, ಜುಲೈಯಲ್ಲಿ ಹೊಸ ಕೋಡಿನಲ್ಲಿ ಇಂಥ ಮಾತುಗಳನ್ನು ಬಳಸಬಾರದೆಂಬ ಲಿನಕ್ಸ್ ಕರ್ನಲಿನ ನಿಯಮವನ್ನು ಅದರ ಕರ್ತೃ ಲೀನಸ್ ಟೊರ್ವಾಲ್ಡ್ಸ್ ಅಂಗೀಕರಿಸಿದನು, ಅಕ್ಟೋಬರಿನಲ್ಲಿ ಕೋಡನ್ನಿರಿಸುವ ತಾಣವಾದ ಗಿಟ್‌ಹಬ್ ತನ್ನ ಹೊಸ ಕೋಶಗಳ ಮೂಲಶಾಖೆಗೆ ‘ಮಾಸ್ಟರ್’ ಬದಲು ‘ಮೇನ್’ ಎಂದು ಹೆಸರಿಟ್ಟಿತು.

ಹೆಸರು ಬದಲಾದ ಮಾತ್ರಕ್ಕೆ ಯಾರ ಸಂಕಟವೂ ನೀಗದೆಂದೂ, ಹಳೆಯ ಹೆಸರನ್ನೇ ನಂಬಿದ ಅಸಂಖ್ಯಾತ ಕಾರ್ಯಕ್ರಮಗಳು ಮುರಿದುಬೀಳುವುವೆಂದೂ ವಿರೋಧಿಗಳು ವಾದಿಸಿದರು. ಎರಡನೆಯದು ನಿಜವಾದ ತೊಡಕು. ಮೊದಲನೆಯದು ಸತ್ಯವಾದರೂ ಹಳೆಯದನ್ನು ಉಳಿಸಿಕೊಳ್ಳಲು ಅದು ಕಾರಣವಾಗಲಾರದು. ಗಿಟ್‌ಹಬ್ಬಿಗೆ ಆಧಾರವಾದ ಗಿಟ್ ತಂತ್ರಾಂಶದ ‘ಮಾಸ್ಟರ್’ ಶಾಖೆಯ ಕೆಳಗೆ ಗುಲಾಮನೆಂಬವನೇ ಇರಲಿಲ್ಲವಾದುದರಿಂದ ಅಲ್ಲಿನ ಬದಲಾವಣೆಗೆ ಅಷ್ಟು ಬಲವಿಲ್ಲವೆಂದು ನನ್ನ ಎಣಿಕೆ. ಡೇಟಾಬೇಸಿನ ಮಾತು ಬೇರೆ: ಮುಖ್ಯ ಯಂತ್ರವು ಕೆಟ್ಟು ನಿಂತರೆ ನಕಲುಗಳಲ್ಲೊಂದು ತಾನೇ ಮುಖ್ಯನ ಪೀಠವೇರುವ ಈ ವ್ಯವಸ್ಥೆಗೆ, ಒಡೆಯನು ತನ್ನ ಗುಲಾಮನಿಗೆ ಪೀಠ ಬಿಟ್ಟುಕೊಡುವುದು ಅಪರೂಪವಾಗಿದ್ದ ಪದ್ಧತಿಯ ಹೆಸರು ನೀತಿಯಿಂದಷ್ಟೇ ಅಲ್ಲ, ಅರ್ಥದಿಂದಲೂ ಒಗ್ಗುವುದಿಲ್ಲ. ‘ಪ್ರೈಮರಿ’, ‘ರೆಪ್ಲಿಕಾ’ ಎಂಬ ಹೊಸ ಮಾತುಗಳು ಯಂತ್ರವು ಮಾಡುವುದನ್ನೇ ಹೇಳುತ್ತವೆ.

ಆದರೆ ರೂಢಿಯು ಬೇರುಸಹಿತ ಕೀಳುವಂಥದಲ್ಲ. ಯಂತ್ರಾಂಶದ ನಿರ್ದಿಷ್ಟ ವಿಧಿಯು ಹಳೆಯ ಪದವನ್ನೇ ಬೇಡುವೆಡೆಗಳಲ್ಲಿ ಲಿನಕ್ಸಿನ ನಿಯಮವೂ ವಿನಾಯಿತಿ ಕೊಡುತ್ತದೆ. ರೆಡಿಸ್‌ನಲ್ಲಿ ‘ರೆಪ್ಲಿಕಾ-ಆಫ್’ ಎಂಬ ಹೊಸ ಆಜ್ಞೆ ಬಂದ ಮೇಲೂ ‘ಸ್ಲೇವ್-ಆಫ್’ ಎಂದು ಬರೆದರೆ ಅದು ನಡೆಯುತ್ತದೆ. ನಕಲು ಯಂತ್ರದ ಸ್ಥಿತಿಗತಿಯನ್ನು ವಿಚಾರಿಸಿದರೆ ಬರುವ ವರದಿಯಲ್ಲಿ, ಹಳೆಯ ಕಾರ್ಯಕ್ರಮಗಳು ಎಡವದಿರಲೆಂದು, ‘ರೋಲ್: ಸ್ಲೇವ್’ ಎಂಬ ಸಾಲನ್ನು ಹಾಗೆಯೇ ಬಿಟ್ಟಿದ್ದಾರೆ.